ಬೆಟ್ಟಕ್ಕೆ ಬೆನ್ನು ಹಾಕಿದ ತರಗತಿ

ಆ ಬುಧವಾರ ಪರ್ಯೊನೊ ಮೇಷ್ಟ್ರಿಗೆ ಬಂದ ಕಷ್ಟಕ್ಕೆಲ್ಲ ಮೂಲ ಎರಡು ಬೆಟ್ಟ. ಜಾವಾದ ಯಾವ ಮಗುವಿನ ಕೈಗಾದರೂ ಪೆನ್ಸಿಲ್ ಕೊಟ್ಟು ಚಿತ್ರ ಬಿಡಿಸು ಅನ್ನಿ, ಅದು ಬಿಡಿಸುವುದು ಎರಡು ಬೆಟ್ಟವನ್ನೇ. ಬೆಟ್ಟಗಳ ನಡುವೆ ಸೂರ್ಯ, ಸೂರ್ಯನ ಕೆಳಗಿಂದ ನೆಟ್ಟಗೆ ಇಳಿದು ಬರುವ ರಸ್ತೆ, ರಸ್ತೆಯ ಎಡಕ್ಕೂ ಬಲಕ್ಕೂ ಭತ್ತದ ಗದ್ದೆ. ಅದರ ಅಪ್ಪ ಬಿಡಿಸಿದ್ದೂ ಅದನ್ನೇ, ಅಜ್ಜ ಬಿಡಿಸಿದ್ದೂ ಅದನ್ನೇ. ಇದನ್ನು ಮೊದಲು ಕಲಿಸಿದ ಪುಣ್ಯಾತ್ಮ ಯಾರೋ ಯಾರಿಗೂ ಗೊತ್ತಿಲ್ಲ. ಸಿಕ್ಕಿದ್ದರೆ ಪರ್ಯೊನೊ ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

ವೊನೊಸೊಬೊ ಕಡೆಯ ಆ ಸರ್ಕಾರಿ ಶಾಲೆಯಲ್ಲಿ ಅವರು ಹನ್ನೊಂದು ವರ್ಷದಿಂದ ಚಿತ್ರಕಲಾ ಮೇಷ್ಟ್ರು. ಅವರಿಗೆಂದೇ ಒಂದು ಕೋಣೆಯಿತ್ತು. ಮೂಲೆಯಲ್ಲೊಂದು ನಲ್ಲಿ, ಬಣ್ಣ ಚೆಲ್ಲಿ ಚೆಲ್ಲಿ ಸಿಮೆಂಟೇ ಕಾಣದ ನೆಲ, ಹಗ್ಗದ ಮೇಲೆ ಒಣಗುವ ಹಸಿ ಚಿತ್ರಗಳು. ಬೆಳಿಗ್ಗೆ ಆ ಬಾಗಿಲು ತೆಗೆದಾಗ ಬರುವ ಬಣ್ಣದ ವಾಸನೆಗೆ ಅವರ ಮನಸ್ಸು ಅರಳುತ್ತಿತ್ತು. ಅಂಥ ಕೋಣೆಯ ಮೇಲೆ ಈಗ ಮುಖ್ಯೋಪಾಧ್ಯಾಯಿನಿ ವಿನಾರ್ಸಿ ಮೇಡಂ ಕಣ್ಣು ಬಿದ್ದಿತ್ತು. ಶಿಕ್ಷಕರ ಬೈಕುಗಳು ಮಳೆಯಲ್ಲಿ ನೆನೆಯುತ್ತಿವೆ, ಅವಕ್ಕೊಂದು ಸೂರು ಬೇಕು ಎನ್ನುವುದು ಅವರ ವಾದ.

"ಇವತ್ತು ಇನ್‌ಸ್ಪೆಕ್ಟರ್ ಬರ್ತಾರೆ, ಮೇಷ್ಟ್ರೆ. ಚಿತ್ರಕಲೇಲಿ ಏನಾದ್ರೂ ಹೊಸದು ಕಂಡು ಅವರು ಮೆಚ್ಚಿದ್ರೆ ಕೋಣೆ ನಿಮ್ಮದು. ಅದೇ ಎರಡು ಬೆಟ್ಟ ಕಂಡ್ರೆ ಸೋಮವಾರದಿಂದ ಬೈಕುಗಳದ್ದು," ಎಂದು ಮೇಡಂ ಖಡಾಖಂಡಿತವಾಗಿ ಹೇಳಿಬಿಟ್ಟರು.

ಸುದ್ದಿ ಶಿಕ್ಷಕರ ಕೊಠಡಿಗೆ ಮುಟ್ಟಿದ್ದೇ ತಡ, ಸಲಹೆಗಳು ಧಾರಾಳವಾಗಿ ಬಂದವು. ಗಣಿತದ ಮೇಡಂ ಬರೀ ವೃತ್ತ, ಚೌಕ ಬಿಡಿಸಿ, ತಪ್ಪು ಹುಡುಕುವುದು ಕಷ್ಟ ಎಂದರು. ಧರ್ಮಪಾಠದ ಮೇಷ್ಟ್ರು ಹೂವೇ ಕ್ಷೇಮ ಎಂದರು. ಕ್ಯಾಂಟೀನಿನ ಮುದುಕಿ ಸೋಯಾ ಕಾಳು ಹುದುಗಿಸಿ ಮಾಡಿದ ತನ್ನ ಟೆಂಪೆ ಬಜ್ಜಿಯನ್ನೇ ಎದುರಿಗಿಟ್ಟು ಬಿಡಿಸಿ ಎಂದು ಒಂದು ತಟ್ಟೆ ಕಳಿಸಿಕೊಟ್ಟಳು. ಆಟದ ಮೇಷ್ಟ್ರು ಗುನಾದಿಯ ಲೆಕ್ಕವೇ ಬೇರೆ. ಶಾಲೆಗೆಲ್ಲ ಹೊಸ ಬೈಕು ಅವನದು. ಅವನು ಕೋಣೆಯ ಬಾಗಿಲಿನ ಅಗಲವನ್ನು ಗೇಣಿನಿಂದ ಅಳೆಯುತ್ತಿದ್ದ.

ಪರ್ಯೊನೊ ತಮ್ಮ ಕೋಣೆಯಲ್ಲಿ ಕಾಯುತ್ತಿದ್ದ ತರಗತಿಗೆ ಹೋಗಿ, ಇವತ್ತು ಯಾರೂ ಬೆಟ್ಟ ಬಿಡಿಸುವ ಹಾಗಿಲ್ಲ ಎಂದು ಸಾರಿದರು. ಮೂವತ್ತೆರಡು ಪೆನ್ಸಿಲುಗಳು ಗಾಳಿಯಲ್ಲೇ ನಿಂತವು. ದಾನು ಎಂಬ ಹುಡುಗ ಎದ್ದು ನಿಂತ.

"ಸರ್, ಒಂದೇ ಬೆಟ್ಟ ಬಿಡಿಸಬಹುದಾ?"

ನಿಮ್ಮ ನಿಮ್ಮ ಅಡುಗೆಮನೆ ಬಿಡಿಸಿ ಎಂದರು ಮೇಷ್ಟ್ರು. ಎಲ್ಲ ಅಡುಗೆಮನೆಗೂ ಕಿಟಕಿ ಬಂತು, ಕಿಟಕಿಯಲ್ಲಿ ಎರಡು ಬೆಟ್ಟ ಬಂದವು. ಸಮುದ್ರದ ಮೀನು ಬಿಡಿಸಿ ಎಂದರು. ಮೀನು ಎರಡು ಬೆಟ್ಟಗಳ ನಡುವೆ ಈಜಿತು. ಕೊನೆಗೆ ಬೇರೆ ದಾರಿ ಕಾಣದೆ ಬಜ್ಜಿಯ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಲಾರಸ್ ಎಂಬ ಜಾಣ ಹುಡುಗಿ ಎರಡು ಬಜ್ಜಿಗಳನ್ನು ಒಂದಕ್ಕೊಂದು ಒರಗಿಸಿ, ನಡುವೆ ಒಂದು ಕೆಂಪು ಮೆಣಸಿನಕಾಯಿ ಇಟ್ಟು, ಈಗ ಚೆನ್ನಾಗಿದೆ ಸರ್ ಎಂದಳು. ಮೇಷ್ಟ್ರು ತಲೆ ಮೇಲೆ ಕೈಹೊತ್ತು ಕೂತರು.

ಅಷ್ಟರಲ್ಲಿ ಬಾಗಿಲಲ್ಲಿ ಗುಡುಗುಡು ಸದ್ದಾಯಿತು. ಕೋಣೆಯೊಳಗೆ ಬೈಕು ತಿರುಗುತ್ತದೋ ಇಲ್ಲವೋ ಒಂದ್ಸಲ ನೋಡಿಬಿಡೋಣ ಎಂದು ಗುನಾದಿ ಗಾಡಿ ಹತ್ತಿಕೊಂಡೇ ಒಳಗೆ ಬಂದಿದ್ದ. ಬೈಕು ತಿರುಗಿತು. ಆದರೆ ತಿರುಗುವಾಗ ಅದರ ಹಿಂದಿನ ಚಕ್ರ ನೀಲಿ ಬಣ್ಣದ ದೊಡ್ಡ ಡಬ್ಬಕ್ಕೆ ಬಡಿಯಿತು. ನೆಲವೆಲ್ಲ ನೀಲಿಯಾಯಿತು, ಗುನಾದಿ ಸೊಂಟದವರೆಗೆ ನೀಲಿಯಾದ, ಮಕ್ಕಳು ಬೆಂಚು ಹತ್ತಿ ಕುಣಿದರು. ಕೂರಲು ಒಂದಂಗುಲ ಜಾಗ ಉಳಿಯಲಿಲ್ಲ. ಗೇಟಿನ ಹತ್ತಿರ ಇನ್‌ಸ್ಪೆಕ್ಟರ್ ಜೀಪಿನ ಹಾರ್ನ್ ಬೇರೆ ಕೇಳಿಸಿತು. ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಬಂದಿದ್ದರು.

ಮೇಷ್ಟ್ರು ಮಕ್ಕಳನ್ನೆಲ್ಲ ಎಬ್ಬಿಸಿಕೊಂಡು ಮೈದಾನಕ್ಕೆ ಓಡಿದರು. ಕಣ್ಣಿಗೆ ಕಂಡದ್ದನ್ನು ಬಿಡಿಸಿ ಎನ್ನಲು ಬಾಯಿ ತೆರೆದರು, ಅಷ್ಟರಲ್ಲಿ ಬೆಳಿಗ್ಗೆಯಿಂದ ಕವಿದಿದ್ದ ಮಂಜು ಸರಿಯಿತು. ಎದುರಿಗೆ ಸಿಂದೊರೊ ಬೆಟ್ಟ, ಪಕ್ಕದಲ್ಲಿ ಸುಂಬಿಂಗ್ ಬೆಟ್ಟ, ನಡುವೆ ಸೂರ್ಯ, ಕೆಳಗೆ ರಸ್ತೆ, ಎರಡೂ ಕಡೆ ಗದ್ದೆ. ಮಕ್ಕಳು ಚಪ್ಪಾಳೆ ತಟ್ಟಿದರು.

"ಎಲ್ಲ ಹಿಂದಕ್ಕೆ ತಿರುಗಿ! ಬೆಟ್ಟಕ್ಕೆ ಬೆನ್ನು ಹಾಕಿ ಕೂತ್ಕೊಳ್ಳಿ. ಎದುರಿಗೆ ಏನಿದೆಯೋ ಅದನ್ನ ಬಿಡಿಸಿ, ಇದ್ದದ್ದು ಇದ್ದ ಹಾಗೆ."

ಎದುರಿಗಿದ್ದದ್ದು ಶಾಲೆ. ಅಲ್ಲಿ ಏನೇನಿದೆ ಎಂದು ಅವರು ಯೋಚಿಸುವಷ್ಟರಲ್ಲಿ ಪೆನ್ಸಿಲುಗಳು ಓಡತೊಡಗಿದ್ದವು. ಇನ್‌ಸ್ಪೆಕ್ಟರ್ ಸುದಿಬ್ಯೊ ಬಂದು ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಒಂದರಲ್ಲಿ ಬಾಗಿಲಿನ ಬದಲು ಗೋಣಿಚೀಲ ನೇತುಹಾಕಿದ ಪಾಯಿಖಾನೆ. ಇನ್ನೊಂದರಲ್ಲಿ ಹೊರಗಿನ ನಲ್ಲಿಯ ಕೆಳಗೆ ನೀಲಿ ಪ್ಯಾಂಟು ಉಜ್ಜುತ್ತಿರುವ ಆಟದ ಮೇಷ್ಟ್ರು. ಮೂರನೆಯದರಲ್ಲಿ ಕಂಬದ ಮರೆಯಲ್ಲಿ ನಿಂತು ಬಜ್ಜಿ ಮುಗಿಸುತ್ತಿರುವ ವಿನಾರ್ಸಿ ಮೇಡಂ, ಕೆನ್ನೆ ಉಬ್ಬಿದ್ದು ಸಮೇತ. ಮೇಡಂ ಮುಖ ಹುಳಿ ಹುಣಸೆ ತಿಂದವರ ಹಾಗಾಯಿತು. ಮುಗಿಯಿತು ನನ್ನ ಕೋಣೆ ಎಂದುಕೊಂಡರು ಪರ್ಯೊನೊ.

ಇನ್‌ಸ್ಪೆಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ಮೇಷ್ಟ್ರ ಭುಜ ತಟ್ಟಿದರು.

"ಮೂವತ್ತು ವರ್ಷದಿಂದ ಶಾಲೆ ಶಾಲೇಲೂ ಬೆಟ್ಟ ನೋಡಿ ನೋಡಿ ಸಾಕಾಗಿತ್ತು ಕಣ್ರೀ. ಪಾಯಿಖಾನೆ ನೋಡಿದ್ದು ಇದೇ ಮೊದಲು. ಇದು ಹೊಸದು ಅಂದ್ರೆ."

ಗಾಳಿ ತಿರುಗಿದ್ದು ಕಂಡ ಮೇಡಂ, ಇದಕ್ಕೆಲ್ಲ ತಾವೇ ಪ್ರೋತ್ಸಾಹ ಕೊಟ್ಟದ್ದು ಎಂದು ತಕ್ಷಣ ಸೇರಿಸಿದರು. ಪರ್ಯೊನೊಗೆ ಕಣ್ಣು ತುಂಬಿ ಬಂತು. ಕೋಣೆ ಉಳಿಯಿತಲ್ಲ, ಅಷ್ಟು ಸಾಕು. ಇನ್‌ಸ್ಪೆಕ್ಟರ್ ಮಾತು ಇನ್ನೂ ಮುಗಿದಿರಲಿಲ್ಲ.

"ನೋಡಿ, ಗೋಡೆ ಇಲ್ಲ, ಮೇಜಿಲ್ಲ, ನಲ್ಲಿ ಇಲ್ಲ. ಚಿತ್ರಕಲೆಗೆ ಕೋಣೇನೇ ಬೇಡ ಅಂತ ತೋರಿಸಿಬಿಟ್ರಿ ನೀವು."

ಮಳೆ ಬಂದರೆ ಸರ್ ಎಂದು ಪರ್ಯೊನೊ ಶುರುಮಾಡಿದರು. ಗುನಾದಿ ನೀಲಿ ಕೈಗಳಿಂದ ಜೋರಾಗಿ ಚಪ್ಪಾಳೆ ತಟ್ಟಿದ, ಮಾತು ಅದರಲ್ಲಿ ಮುಳುಗಿಹೋಯಿತು. ಇನ್‌ಸ್ಪೆಕ್ಟರ್ ನಿಂತಲ್ಲೇ ಫೋನ್ ತೆಗೆದು ಸುತ್ತಲಿನ ಇಪ್ಪತ್ತನಾಲ್ಕು ಶಾಲೆಗಳಿಗೂ ಸಂದೇಶ ಹಾಕಿದರು. ಇನ್ನು ಮುಂದೆ ಚಿತ್ರಕಲೆ ಬಯಲಿನಲ್ಲೇ. ಕಲಾ ಕೋಣೆಗಳನ್ನೆಲ್ಲ ಬೇರೆ ಕೆಲಸಕ್ಕೆ ಬಿಟ್ಟುಕೊಡಬೇಕು. ಸೋಮವಾರದಿಂದ ಒಬ್ಬ ಮುಂದಾಳು ಶಾಲೆಯಿಂದ ಶಾಲೆಗೆ ಬಂದು ಎಲ್ಲರಿಗೂ ತಿಳಿಸಿಹೇಳಿ ಕೋಣೆ ಖಾಲಿ ಮಾಡಿಸುತ್ತಾರೆ. ಆ ಮುಂದಾಳು ನೀವೇ ಎಂದು ಪರ್ಯೊನೊ ಕೈ ಕುಲುಕಿ ಅವರು ಜೀಪು ಹತ್ತಿದರು.

ಮೇಷ್ಟ್ರು ನೀಲಿ ನೆಲದ ಮೇಲೆ ಒಬ್ಬರೇ ನಿಂತಿದ್ದಾಗ ಫೋನ್ ಬಂತು. ಮಾಡಿದವಳು ಹೆಂಡತಿ ಪೂರ್ವಂತಿ. ಅವಳೂ ಪಕ್ಕದ ಊರಿನ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ. ಒಂಬತ್ತು ವರ್ಷ ಅರ್ಜಿ ಹಾಕಿ ಹಾಕಿ ಹೋದ ತಿಂಗಳಷ್ಟೇ ಒಂದು ಕೋಣೆ ಗಿಟ್ಟಿಸಿಕೊಂಡಿದ್ದಳು.

"ಕೇಳಿದ್ರಾ? ಯಾವನೋ ಮುಂದಾಳು ಬರ್ತಾನಂತೆ, ನನ್ನ ಕೋಣೆ ಖಾಲಿ ಮಾಡಿಸೋಕೆ. ಬರಲಿ ಆ ಮನೆಹಾಳ. ಬಾಗಿಲಲ್ಲೇ ನಿಲ್ಲಿಸಿ ಬಣ್ಣದ ಬಕೆಟ್ ತಲೆ ಮೇಲೆ ಸುರೀತೀನಿ. ಸೋಮವಾರ ನೀವೂ ರಜಾ ಹಾಕಿ ಬನ್ನಿ, ನನ್ನ ಜೊತೆ ನಿಂತ್ಕೊಳ್ಳೋಕೆ. ಬರ್ತೀರಲ್ಲ?"

ಮೇಷ್ಟ್ರು ಉರುಳಿಬಿದ್ದಿದ್ದ ನೀಲಿ ಡಬ್ಬವನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರು.

"ಬರ್ತೀನಿ ಕಣೆ," ಎಂದರು. "ಸೋಮವಾರ ನಾನು ಖಂಡಿತ ಬರ್ತೀನಿ."