ಕಾರವಾರಕ್ಕೆ ಎಷ್ಟು ಗಾಳಿ ಬೇಕು?

ಡುಗು ಡುಗು ಡುಗು, ಆಮೇಲೆ ಉದ್ದಕ್ಕೊಂದು ಫುಸ್ಸ್! ಆ ವರ್ಷ ಜಮಖಂಡಿಯ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಗಾಳಿ ತುಂಬುವ ಕಂಪ್ರೆಸರಿನ ಈ ಸದ್ದಿನಿಂದ. ಮುಪ್ಪಿನಲ್ಲಿ ಕೆಲವರು ತೀರ್ಥಯಾತ್ರೆಗೆ ಹೋಗುತ್ತಾರೆ, ಕೆಲವರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ. ನಮ್ಮ ಯಜಮಾನರು ಹಳೆಯ ಮಿನಿಬಸ್ಸೊಂದನ್ನು ಕೊಂಡು, ಸೀಟು ಕೀಳಿಸಿ, ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು, ಕಡೆಗೆ ಪಾಯಖಾನೆಯನ್ನೂ ಕೂಡಿಸಿದರು. ಹೋಮ್ ಆನ್ ವ್ಹೀಲ್ಸ್!

ಹೋಗಬೇಕಾದದ್ದು ಕಾರವಾರಕ್ಕೆ, ನನ್ನ ಕುಮುದಳ ಹತ್ತಿರ. ಬೆಳಗಾವಿಯ ಕಾನ್ವೆಂಟ್ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು. ಅವಳ ಹಾರ್ಟ್ ವೀಕ್ ಆಗಿದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಫೋನಿನಲ್ಲಿ ದನಿ ಮಾತ್ರ ಹಳೆಯದೇ: "ಲಗೂನ ಬಾ ಬೇ. ಸಮುದ್ರದ ದಂಡಿಗೆ ಗಾಡಿ ನಿಲ್ಲಿಸಿ ಅದರಾಗ ಒಂದು ರಾತ್ರಿ ಮಲಗೂಣು. ಹಾಸ್ಟೆಲ್‌ನಾಗ ಮಲಗತಿದ್ವಲ್ಲ, ಹಂಗ."

ಆದರೆ ಟೈರು! ಹಳೆಯವು ಬಿರುಕು ಬಿಟ್ಟಿದ್ದವು. ಮೈದುನ ಶಿವಪ್ಪ ಕಬ್ಬಿನ ಟ್ರ್ಯಾಕ್ಟರ್ ಓಡಿಸಿ ಬೆಳೆದವನು. "ವೈನಿ, ಟೈರ್ ಅಂದ್ರ ಕಲ್ಲಾಗಿರಬೇಕ್ರಿ. ಒದ್ರ ಕಾಲ ನೋಯಬೇಕು!" ಎಂದು ಆ ಹಳೆಯವಕ್ಕೇ ತನ್ನ ಲೆಕ್ಕದಲ್ಲಿ ಗಾಳಿ ತುಂಬಿದ. ಮುಧೋಳಕ್ಕೆ ಹೋಗಿ ಬರುವಷ್ಟರಲ್ಲಿ ಕಪಾಟಿನ ಕಪ್ಪು-ಬಸಿಗಳೂ ನನ್ನ ಸೊಂಟವೂ ಪುಡಿಪುಡಿ. ಬೈದದ್ದಕ್ಕೆ ಗಾಳಿ ಇಳಿಸಿದ. ಗಾಡಿ ಹೊಂಡದೊಳಗಿನ ಎಮ್ಮೆಯಂತೆ ಕೂತಿತು.

ಆಗ ನಾನು ಕನ್ನಡಕ ಏರಿಸಿಕೊಂಡು ಇಂಗ್ಲಿಷ್ ಮ್ಯಾನ್ಯುಅಲ್ ಬಿಡಿಸಿದೆ. ಗಾಡಿಯನ್ನು ಸಾಮಾನು ಸಮೇತ ತೂಗಬೇಕು. ಮುಂದಿನ ಗಾಲಿಗಳ ಭಾರ ಬೇರೆ, ಹಿಂದಿನವುಗಳ ಭಾರ ಬೇರೆ. ಆ ಭಾರ ಹೊರುವಂಥ ಟೈರು, ಅದಕ್ಕೆ ತಕ್ಕ ಗಾಳಿ, ಅದೂ ಟೈರು ತಣ್ಣಗಿರುವಾಗ. ಕಾನ್ವೆಂಟಿನಲ್ಲಿ ಕಲಿತವಳು ನಾನು. ಬರೆದದ್ದನ್ನು ಬರೆದಂತೆಯೇ ಮಾಡದಿದ್ದರೆ ಊಟ ಸೇರುವುದಿಲ್ಲ.

ತೂಗುವುದೆಲ್ಲಿ? ಕಬ್ಬು ತೂಗುವ ಕಾಟಾದಲ್ಲಿ. ಹಂಗಾಮಿನ ಕಾಲ; ಟ್ರ್ಯಾಕ್ಟರುಗಳ ಸಾಲಿನ ನಡುವೆ ಪರದೆ ಕಟ್ಟಿದ ನಮ್ಮ ಮನೆ. ಹಿಂದಿನ ಟ್ರ್ಯಾಕ್ಟರಿನವನು ಕೂಗಿದ: "ಕಾಕಾ, ಇದರಾಗ ಯಾವ ತಳಿ ಕಬ್ಬ ಐತ್ರಿ?"

ಯಜಮಾನರು ನನ್ನತ್ತ ಕೈ ಮಾಡಿ, "ಹಳೀ ತಳಿಪಾ. ರಸ ಕಡಿಮಿ, ತೂಕ ಭಾಳ!" ಅಂದರು.

ತೂಕಕ್ಕೆ ತಕ್ಕ ಟೈರು ಬಂದವು. ಆದರೆ ನಮ್ಮ ಕಡೆ ಒಬ್ಬರ ಗಾಡಿ ಹೊರಟಿತೆಂದರೆ ದಾರಿಯುದ್ದದ ಬೀಗರಿಗೆಲ್ಲ ಊರವರ ಗಂಟೂ ಹೊರಡಬೇಕು. ಬನಹಟ್ಟಿಯ ಚಿಕ್ಕಮ್ಮ ಹುಬ್ಬಳ್ಳಿಗೆಂದು ಸೀರೆಯ ಗಂಟು ತಂದಳು. ಚಿಮ್ಮಡದವರು ಬೆಲ್ಲದ ಪೆಂಟಿ ತಂದರು. ಬೀಳಗಿಯ ನಾದಿನಿ ಧಾರವಾಡದ ಮಗಳಿಗೆಂದು ಜೋಳದ ಚೀಲಗಳನ್ನೂ ಒಂದು ಒಳಕಲ್ಲನ್ನೂ ಏರಿಸಿ, "ಗಾಡಿ ಹೆಂಗೂ ಹೊಂಟೈತಲ್ರಿ!" ಅಂದಳು. ನಾನು ಮತ್ತೆ ತೂಗಿಸಿದೆ. ಹಿಂದಿನ ಟೈರುಗಳು ಸಾಲವು. ಇನ್ನೂ ಗಟ್ಟಿಯವು ಬೇಕು.

"ಒಳಕಲ್ಲರೆ ಇಳಿಸೂಣೇನ?" ಎಂದರು ಯಜಮಾನರು.

"ನಿಮ್ಮ ತಂಗಿ ಜಲ್ಮಪೂರ್ತಿ ಆಡ್ಕೋತಾಳ್ರೀ," ಎಂದೆ.

ಆ ಟೈರು ಬರುವ ಮೊದಲು ಕುಮುದಳೇ ಬಂದಳು, ಬಸ್ಸಿನಲ್ಲಿ. ಕಾರವಾರಕ್ಕೆ ಬಸ್ಸೂ ಇದೆ ಎನ್ನುವುದು ಅಷ್ಟು ದಿನ ನನ್ನ ತಲೆಗೇ ಹೊಳೆದಿರಲಿಲ್ಲ! ಏದುಸಿರು ಬಿಡುತ್ತ ಗಾಡಿ ಹತ್ತಿದಳು. "ಸಮುದ್ರ ಇಲ್ಲದಿದ್ರ ಏನಾತು, ಇಲ್ಲೇ ಅಂಗಳದಾಗ ಮಲಗೂಣು," ಎಂದಳು. ಮಲಗಬೇಕಾದ ಮಂಚದ ಮೇಲೆ ಜೋಳ ಮಲಗಿತ್ತು. "ಯಾರರೆ ಮಲಗ್ಯಾರಲ್ಲ, ಬಿಡು," ಎಂದು ನಕ್ಕಳು.

ಮುಂದಿನ ಮಳೆಗಾಲವನ್ನು ಅವಳು ಕಾಣಲಿಲ್ಲ. ನಾನು ಅವಳನ್ನು ಕಡೆಯ ಸಲ ಕಂಡದ್ದು ಮರುದಿನ ಬಸ್ ಸ್ಟ್ಯಾಂಡಿನಲ್ಲಿ. ಕಿಟಕಿಯಿಂದ ತಲೆ ಹೊರಹಾಕಿ, "ಈ ಬಸ್ಸಿನ ಟೈರರೆ ಬರೋಬ್ಬರಿ ಅದಾವೇನ್ ನೋಡ ಬೇ, ಪ್ರೊಫೆಸರ್!" ಎಂದು ಅಣಕಿಸಿದಳು. ನಾನು ಖರೆಯೇ ಬಗ್ಗಿ, ಟೈರಿನ ಮೈಮೇಲಿನ ಅಕ್ಷರಗಳನ್ನು ಓದತೊಡಗಿದೆ. ಓದುತ್ತಿದ್ದಂತೆ ಅಕ್ಷರಗಳು ಉರುಳಿದವು. ಸೊಂಟ ಹಿಡಿದುಕೊಂಡು ಮೇಲೇಳುವಷ್ಟರಲ್ಲಿ ಬಸ್ಸು ತಿರುವು ದಾಟುತ್ತಿತ್ತು. ಕಿಟಕಿಯಾಚೆ ಬೀಸುತ್ತಿದ್ದ ಕೈಯೊಂದು ಕಂಡಿತು, ಮುಖ ಕಾಣಲಿಲ್ಲ.