ಬ್ರೇಕ್ ಪ್ಯಾಡು, ನಾಲ್ಕು ನಿಂಬೆಹಣ್ಣು

೧. ದಾರಿ

ಅಟ್ಟೂರಿನ ಯಾವುದೋ ಕ್ರಾಸಿನಲ್ಲಿ ದಾರಿ ತಪ್ಪಿ ಎಳನೀರಿನವನ ಮುಂದೆ ಕಾರು ನಿಲ್ಲಿಸಿದೆ. ಬ್ರೇಕು ಕಿರ್ ಎಂದು ಕಿರುಚಿತು. ಬಿಡಿಭಾಗದ ಅಂಗಡಿ ಎಲ್ಲಿ ಎಂದರೆ, "ಮೊದ್ಲು ಬ್ರೇಕ್ ಪ್ಯಾಡ್ ಹಾಕಿಸ್ಕೊಳ್ಳಿ ಮೇಡಂ" ಎಂದ. ಮುಂದಿನ ತಿರುವಿನಲ್ಲಿ ಇಸ್ತ್ರಿಯವನೂ ಅದನ್ನೇ ಹೇಳಿದ. ಊರೂರು ಸುತ್ತಿದ್ದೇನೆ, ದಾರಿಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳುವವರು ನನಗೆ ತಪ್ಪದೆ ಸಿಗುವುದು ನಮ್ಮೂರಲ್ಲೇ.

ಮರುದಿನ ಬೆಳಿಗ್ಗೆ ಕೆಂಪಾಪುರದಲ್ಲಿ ಅಮ್ಮನ ಕಣ್ಣಿನ ಆಪರೇಷನ್. ಗ್ಯಾರೇಜಿನವರು ಮುಂದಿನ ವಾರ ಬನ್ನಿ ಅಂದಿದ್ದರು. ಪ್ಯಾಡು ಸಿಕ್ಕರೆ ಮನೆಮುಂದೆ ನಾನೇ ಹಾಕುವವಳು.

"ಅದನ್ನ ಕೊಳ್ಳೋಕೇ ಅಂಗಡಿ ಹುಡುಕ್ತಿರೋದು ಕಣ್ರೀ" ಎಂದು, ಅದನ್ನೇ ಹೇಳಿದ ಮೂರನೆಯವಳಾದ ಹೂವಿನಾಕೆಯ ಮೇಲೆ ರೇಗಿದೆ.

"ಈ ಸೌಂಡಲ್ಲಿ ಅಷ್ಟು ದೂರ ಹೋಗ್ಬೇಡಿ" ಎಂದಳು. ಎಷ್ಟು ದೂರ, ಯಾವ ಕಡೆ ಎಂದು ಮಾತ್ರ ಹೇಳಲಿಲ್ಲ.

೨. ಯಜಮಾನರು

ಅಂತೂ ಅಂಗಡಿ ಸಿಕ್ಕಿತು. ಮೆಕ್ಯಾನಿಕ್‌ನ ಕಳಿಸಿ ಎಂದ ಅಂಗಡಿಯವನು. ನಾನೇ ಹಾಕೋದು ಎಂದೆ. ಅವನು ನನ್ನ ಬೆನ್ನ ಹಿಂದೆ ಇಣುಕಿ, "ಯಜಮಾನ್ರು ಬಂದಿಲ್ವಾ?" ಎಂದ.

ಮೈಯೆಲ್ಲ ಉರಿಯಿತು. "ಲಡಾಖಲ್ಲಿ ಒಬ್ಬಳೇ ಟೈರ್ ಬಿಚ್ಚಿದ್ದೀನಿ. ಸುತ್ತ ಮೇಯ್ತಿದ್ದ ಕುರಿಗಳೂ ಯಜಮಾನ್ರೆಲ್ಲಿ ಅಂತ ಕೇಳ್ಲಿಲ್ಲ."

ತೆಪ್ಪಗೆ ಪ್ಯಾಡು ಕೊಟ್ಟ. ಮನೆಗೆ ಬಂದು ನೋಡಿದರೆ ಬಿಲ್ಲಿನಲ್ಲಿ ನನ್ನ ಹೆಸರಿನ ಮುಂದೆ 'ಶ್ರೀ' ಎಂದಿತ್ತು.

೩. ಮೇಲ್ವಿಚಾರಣೆ

ವಿದ್ಯಾರಣ್ಯಪುರದ ನಮ್ಮ ರಸ್ತೆಯಲ್ಲಿ ಅರ್ಧ ಕಾರುಗಳದ್ದು, ಇನ್ನರ್ಧ ಎದುರುಮನೆ ಅಂಕಲ್ ಮಹಡಿ ಕಟ್ಟಲು ಸುರಿಸಿದ ಮರಳಿನದು. ತೆಗೆಸಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ನಾನು ಜಾಕ್ ಕೊಟ್ಟು ಕಾರೆತ್ತುತ್ತಿದ್ದಂತೆ ಅಂಕಲ್ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿಕೊಂಡು ಕೂತರು. ನಟ್ಟು ಎಡಕ್ಕೆ ತಿರುಗಿಸು ಎಂದರು, ತಿರುಗಿಸುತ್ತಲೇ ಇದ್ದೆ. ಸವೆದ ಪ್ಯಾಡು ತೆಗಿ ಎಂದರು; ತೆಗೆದು ಕೈಯಲ್ಲೇ ಹಿಡಿದಿದ್ದೆ. ಬೆವರು, ಗ್ರೀಸು, ಕೋಪ ಎಲ್ಲ ಒಟ್ಟಿಗೆ ಇಳಿಯುತ್ತಿತ್ತು.

ದಾರಿಹೋಕರೊಬ್ಬರು ಏನ್ ಸಮಾಚಾರ ಎಂದು ಕೇಳಿದ್ದಕ್ಕೆ ಅಂಕಲ್, "ಏನಿಲ್ಲ, ಪ್ಯಾಡ್ ಚೇಂಜ್ ಮಾಡಿಸ್ತಿದ್ದೀನಿ" ಎಂದರು.

೪. ಸಾಲ

ಚಕ್ರ ಕೂತಿತು. ಅಂಕಲ್ ಹೆಂಡತಿ, ಆಂಟಿ, ತಮ್ಮ ಮನೆಯೊಳಗಿಂದ ನಾಲ್ಕು ನಿಂಬೆಹಣ್ಣು ತಂದು ಟೈರಿಗೊಂದರಂತೆ ಇಟ್ಟರು. "ದೃಷ್ಟಿಗೆ ಕಣಮ್ಮ. ನಿಂಬೆಹಣ್ಣು ಮಾತ್ರ ಪುಕ್ಕಟೆ ಇಸ್ಕೋಬಾರ್ದು, ನಾಳೆ ವಾಪಸ್ ಕೊಟ್ಬಿಡು."

ಹೊಸ ಪ್ಯಾಡು ಹಾಕಿದ ಮೇಲೆ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಬೇಕು. ಇಲ್ಲದಿದ್ದರೆ ಬ್ರೇಕೇ ಹಿಡಿಯುವುದಿಲ್ಲ. ನಾನು ಸ್ಪ್ಯಾನರು ಆಯ್ದುಕೊಳ್ಳುವಷ್ಟರಲ್ಲಿ, ನಿಂಬೆಹಣ್ಣಿನ ಮೇಲೆ ಗಂಡಸರೇ ಗಾಡಿ ಹತ್ತಿಸಬೇಕು ಎನ್ನುತ್ತಾ ಅಂಕಲ್ ಸೀಟಿಗೇರಿದ್ದರು.

"ಅಂಕಲ್, ಮೊದ್ಲು ಪೆಡಲ್ ಒತ್ತಿ."

"ನಂಗೇ ಹೇಳ್ಕೊಡ್ತೀಯಾ?"

ನಾಲ್ಕೂ ಹಣ್ಣು ಅಪ್ಪಚ್ಚಿಯಾದವು. ಕಾರು ನಿಲ್ಲಲಿಲ್ಲ. ಮೆಲ್ಲಗೆ, ಬಹಳ ಗಂಭೀರವಾಗಿ, ಅಂಕಲ್ ತಮ್ಮ ಮರಳಿಗೇ ಹೋಗಿ ಹೂತುಕೊಂಡರು. ಕಾರಿಗೆ ಒಂದು ಗೀರೂ ಇಲ್ಲ. ಆ ಮರಳನ್ನು ನಾನು ಹೊಗಳಿದ್ದು ಅದೊಂದೇ ಸಲ.

ಪೆಡಲ್ ಒತ್ತಿ ಒತ್ತಿ ಗಟ್ಟಿ ಮಾಡಿ ಕಾರನ್ನು ಮರಳಿಂದ ಈಚೆ ತೆಗೆದೆ. ಮರುದಿನ ಅಮ್ಮನನ್ನು ಹೊತ್ತಿಗೆ ಸರಿಯಾಗಿ ಕರೆದೊಯ್ದೆ. ಬ್ರೇಕು ಒಂದು ಮಾತೂ ಆಡಲಿಲ್ಲ. ವಾಪಸ್ ಬರುವಾಗ ತಳ್ಳುಗಾಡಿಯಲ್ಲಿ ನಾಲ್ಕು ನಿಂಬೆಹಣ್ಣು ಕೊಂಡು ಆಂಟಿಯ ಕೈಗಿಟ್ಟೆ. ಅವರು ನೇರ ಹೋಗಿ, ಅಂಕಲ್ ಪೇಪರ್ ಓದುತ್ತಾ ಕೂತಿದ್ದ ಕುರ್ಚಿಯ ನಾಲ್ಕು ಕಾಲಿಗೂ ಒಂದೊಂದು ಇಟ್ಟರು.

"ಇನ್ಮೇಲೆ ಇವ್ರಿಗೆ ಈ ಗಾಡಿನೇ ಸಾಕು."