ಬೆಣ್ಣೆ ತಿನ್ನುವವಳಿಗೆ ಬೆಲ್ಲದ ತುಲಾಭಾರ

ನಾನು ನಂಬದ ಸಂಗತಿಗಳಲ್ಲಿ ಮೊದಲನೆಯದು ನನ್ನದೇ ನೆನಪು. ಬೀದರಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಕಣ್ಣಾರೆ ಕಂಡೆ ಎಂದವರ ಮಾತನ್ನೂ ಒರೆಗೆ ಹಚ್ಚಿ ನೋಡಬೇಕೆಂದು ವಿದ್ಯಾರ್ಥಿಗಳಿಗೆ ಹೇಳಿ ಹೇಳಿ, ಬೆಳಿಗ್ಗೆ ಗೀಜರ್ ಆರಿಸಿದೆನೋ ಇಲ್ಲವೋ ಎಂಬುದಕ್ಕೂ ಪುರಾವೆ ಬೇಡುವ ಸ್ಥಿತಿಗೆ ಬಂದಿದ್ದೇನೆ. ಅದಕ್ಕೇ ಡೈರಿ ಬರೆಯುವುದು. ಆದರೆ ಈಚೆಗೆ ಡೈರಿ ಓದಿದರೆ ಗೊಂದಲ ಇನ್ನೂ ಹೆಚ್ಚುತ್ತದೆ. ‘ಪಲ್ಲವಿ ರೊಟ್ಟಿ ಕೇಳಿ ಅತ್ತಳು, ಕೊಡಲಿಲ್ಲ. ಬೆಣ್ಣೆ ಬೇಡವೆಂದಳು, ಬೈದು ತಿನ್ನಿಸಿದೆವು.’ ಹೊರಗಿನವರು ಯಾರಾದರೂ ಇದನ್ನು ಓದಿದರೆ ನನ್ನನ್ನು ಎಂಥ ತಂದೆ ಎಂದುಕೊಂಡಾರು?

ಪಲ್ಲವಿ ನನ್ನ ಏಳು ವರ್ಷದ ಮಗಳು. ಅವಳಿಗೆ ಮೂರ್ಛೆರೋಗ. ಮಾತ್ರೆ ಬದಲಿಸಿ ನೋಡಿದರೂ ಫಿಟ್ಸ್ ನಿಲ್ಲದಿದ್ದಾಗ ಡಾಕ್ಟರು ಮಾತ್ರೆಯ ಜೊತೆಗೆ ಕೀಟೋ ಪಥ್ಯ ಶುರು ಮಾಡಿಸಿದರು. ಅನ್ನ, ರೊಟ್ಟಿ, ಸಿಹಿ ಹೆಚ್ಚುಕಡಿಮೆ ಬಂದ್. ಬೆಣ್ಣೆ, ತುಪ್ಪ, ಕೆನೆ, ಎಣ್ಣೆಗಳೇ ಊಟ. ಮೈಯು ಸಕ್ಕರೆಯ ಬದಲು ಕೊಬ್ಬನ್ನು ಉರಿಸತೊಡಗಿದರೆ ಕೆಲವು ಮಕ್ಕಳಲ್ಲಿ ಫಿಟ್ಸ್ ಕಡಿಮೆಯಾಗುತ್ತದಂತೆ. ಯಾಕೆ ಎಂದು ಕೇಳಿದೆ. ಅದು ಪೂರ್ತಿ ತಮಗೂ ಗೊತ್ತಿಲ್ಲವೆಂದು ಡಾಕ್ಟರು ನಕ್ಕರು. ಗೊಂದಲದಲ್ಲಿ ನನಗೊಬ್ಬರು ಜೊತೆ ಸಿಕ್ಕರೆಂದು ಆ ಕ್ಷಣಕ್ಕೆ ಸಮಾಧಾನವಾಯಿತು. ಆದರೆ ಎಲ್ಲವನ್ನೂ ಗ್ರಾಂ ಲೆಕ್ಕದಲ್ಲಿ ತೂಗಿಯೇ ಕೊಡಬೇಕು, ಒಂದು ತುಂಡು ಸಿಹಿ ಬಾಯಿಗೆ ಬಿದ್ದರೂ ಫಿಟ್ಸ್ ಮರಳಬಹುದು ಎಂದಾಗ ಅವರು ನಗುತ್ತಿರಲಿಲ್ಲ.

ಹೀಗೆ ಬೀದರಿನ ಮೈಲೂರು ಬಡಾವಣೆಯ ನಮ್ಮ ಅಡುಗೆಮನೆಗೆ ಅಕ್ಕಸಾಲಿಗರ ಅಂಗಡಿಯ ಕಳೆ ಬಂತು. ನನ್ನ ಹೆಂಡತಿ ಸುನಂದಾ ಪುಟ್ಟ ತಕ್ಕಡಿಯ ಮೇಲೆ ಹೂಕೋಸಿನ ತುಣುಕು ಇಡುವುದು, ಚಿವುಟುವುದು, ಮತ್ತೆ ಇಡುವುದು. ಅದೇ ವಾರ ನನ್ನ ರಕ್ತ ಪರೀಕ್ಷೆ ನೋಡಿದ ಇನ್ನೊಬ್ಬ ಡಾಕ್ಟರು ನನಗೆ ತುಪ್ಪ, ಬೆಣ್ಣೆ ಮುಟ್ಟಬೇಡಿ ಎಂದರು. ಮಗಳು ನನ್ನ ಒಣ ರೊಟ್ಟಿ ನೋಡಿ ನಿಟ್ಟುಸಿರಿಡುತ್ತಾಳೆ, ನಾನು ಅವಳ ತುಪ್ಪ ನೋಡಿ. ನಾವು ಖಾಲಾ ಎಂದು ಕರೆಯುವ ಪಕ್ಕದ ಮನೆಯ ಹಿರಿಯಾಕೆ ಒಂದು ದಿನ ಬಾಗಿಲಲ್ಲೇ ನಿಂತು ಕೇಳಿದರು: “ಪೋರಿಗಿ ಎಣ್ಣಿ ಕುಡಸ್ತೀರಿ, ರೊಟ್ಟಿ ಕೊಡಲ್ಲ. ಇದ್ಯಾವ ಕಾಲೇಜಿನಾಗ ಕಲ್ತೀರಿ ಮಾಸ್ತರ್?”

ಮೂರು ತಿಂಗಳು ಒಂದೂ ಫಿಟ್ಸ್ ಬರಲಿಲ್ಲ. ಭಾಲ್ಕಿಯಲ್ಲಿರುವ ಅವ್ವನಿಗೆ ಫೋನ್ ಮಾಡಿ ಹೇಳಿದೆ. ಅವ್ವ ಅತ್ತು, ಮೂಗು ಒರೆಸಿಕೊಂಡು, ಹಾಗಾದರೆ ಔರಾದಿನ ದೇವರ ಹರಕೆ ತೀರಿಸೋಣ ಎಂದಳು. ಏನು ಹರಕೆ? ಮಗುವಿಗೆ ಬೆಲ್ಲದ ತುಲಾಭಾರ. ಮೊದಲ ತುಂಡು ಮಗುವಿನ ಬಾಯಿಗೇ ಬೀಳಬೇಕು. ಬೆಣ್ಣೆಯಲ್ಲಿ ತೂಗೋಣವೆಂದು ಬೇಡಿಕೊಂಡೆ. ದೇವರ ಮುಂದೆ ಬೆಲ್ಲವೆಂದು ಹೇಳಿಯಾಗಿದೆ ಎಂದಳು. ಹರಕೆ ಹೊರುವ ಮುಂಚೆ ಯಾರನ್ನಾದರೂ ಕೇಳಬಾರದಿತ್ತೇ ಎಂದು ನಾನು ರೇಗಿದೆ. ಅವ್ವ ಏನೂ ಅನ್ನಲಿಲ್ಲ. ಅವಳು ಸುಮ್ಮನಾದದ್ದು ನನಗೆ ಗೆಲುವಿನಂತೆ ಕಂಡಿತ್ತು.

ಅವ್ವನನ್ನೂ ಕರೆದುಕೊಂಡು ನಾವೆಲ್ಲ ಔರಾದಿನ ಗುಡಿಗೆ ಹೋದೆವು. ತಕ್ಕಡಿಯ ಒಂದು ತಟ್ಟೆಯಲ್ಲಿ ಪಲ್ಲವಿ ಕೂತಳು, ಇನ್ನೊಂದರಲ್ಲಿ ಬೆಲ್ಲದ ಪೆಂಟೆಗಳು. ತಕ್ಕಡಿ ಸಮವಾದದ್ದೇ ಮುದುಕ ಪೂಜಾರಿ ಬೆಲ್ಲ ಮುರಿದು ಅವಳ ತುಟಿಯ ಹತ್ತಿರ ಹಿಡಿದ. ನಾನು ಕೈ ಅಡ್ಡ ಚಾಚುವಷ್ಟರಲ್ಲಿ ಅವಳೇ ಕೇಳಿದಳು.

“ಎಷ್ಟ್ ಗ್ರಾಂ ಅದರಿ, ಅಜ್ಜಾ?”

“ದೇವ್ರ ಪ್ರಸಾದ ತೂಗಲ್ಲವ್ವ.”

“ತೂಗಲಾರದ್ದು ನಾ ತಿನ್ನಲ್ಲರಿ.”

ಅವ್ವನ ಮುಖ ಬಿಳುಚಿಕೊಂಡಿತು. ಪ್ರಸಾದ ತಿನ್ನದಿದ್ದರೆ ಫಿಟ್ಸ್ ಮರಳುತ್ತದೆಂದು ಅವಳ ಹೆದರಿಕೆ, ತಿಂದರೆ ಮರಳುತ್ತದೆಂದು ನನ್ನದು. ಅದುವರೆಗೆ ನಾವಿಬ್ಬರೂ ಬೇರೆ ಬೇರೆ ಪಕ್ಷದವರೆಂದು ನಾನು ತಿಳಿದಿದ್ದೆ.

ಪೂಜಾರಿ ತಲೆ ಕೆರೆದುಕೊಂಡು, ಹರಕೆ ಹೊತ್ತವರು ತಿಂದರೂ ನಡೆಯುತ್ತದೆ, ಯಾರು ಹೊತ್ತದ್ದು ಎಂದ. ನಾನು ಅವ್ವನ ಕಡೆ ನೋಡಿದೆ. ಅವ್ವ ನನ್ನ ಕಡೆ ನೋಡಿದಳು.

“ನೀನೇ ಅಲ್ಲೇನೋ ಹೊತ್ತಾಂವ? ಪೋರಿಗಿ ಫಿಟ್ಸ್ ನಿಲ್ಲವಲ್ದಾಗಿತ್ತು. ದವಾಖಾನಿ ಗ್ವಾಡಿಗಿ ಹಣಿ ಹಚ್ಚಿ, ಬೆಲ್ಲದಾಗ ತೂಗ್ತೀನಿ ನಮ್ಮಪ್ಪಾ, ಪೋರಿನ ಉಳಸು ಅಂತ ಅಂದಿದ್ದಿ.”

ನಾನು ಸುನಂದಾಳತ್ತ ತಿರುಗಿದೆ. ಅವಳು ಹೌದೆಂದು ತಲೆಯಾಡಿಸಿದಳು. ಆ ದಿನದ್ದೆಂದು ನನಗೆ ನೆನಪಿರುವುದು ಮೂಲೆಯಲ್ಲಿದ್ದ ಒಂದು ಹಸಿರು ಬಕೆಟ್ ಮಾತ್ರ. ಡೈರಿಯಲ್ಲಿ ಆ ಪುಟ ಖಾಲಿ ಎಂಬುದಂತೂ ಖಚಿತ. ಹರಕೆಗಳನ್ನು ಗೇಲಿ ಮಾಡುವ ನಾನು ಹಾಗೆಂದಿರಲಾರೆ. ಆದರೆ ಆ ಗೋಡೆಯ ಮುಂದೆ ನಿಂತವನು ನಾನೇ ಆಗಿದ್ದರೆ ಇನ್ನೇನು ತಾನೇ ಅಂದಿರಬಲ್ಲೆ? ಇಬ್ಬರು ಪ್ರತ್ಯಕ್ಷದರ್ಶಿಗಳು ಎದುರಿಗಿದ್ದರು. ಬಾಯಿ ತೆರೆದೆ. ಪೂಜಾರಿ ಧಾರಾಳವಾಗಿಯೇ ತುಂಬಿದ. ಅವ್ವ ದೇವರಿಗೆ ಕೈಮುಗಿದು, ನನ್ನ ಗಲ್ಲಕ್ಕಂಟಿದ್ದ ಬೆಲ್ಲವನ್ನು ಸೆರಗಿನಿಂದ ಒರೆಸಿದಳು.

ಮರಳುವಾಗ ಬಸ್ಸಿನಲ್ಲಿ ಪಲ್ಲವಿ ನನ್ನ ಪಕ್ಕ ಕೂತು, ಬೆಲ್ಲ ಹೇಗಿತ್ತೆಂದು ಮೆಲ್ಲಗೆ ಕೇಳಿದಳು. ಮಗುವಿನ ಆಸೆ ಕೆರಳಿಸಬಾರದು ನೋಡಿ. ಏನೂ ಚೆನ್ನಾಗಿರಲಿಲ್ಲ, ಬರೀ ಉಪ್ಪುಪ್ಪು ಎಂದೆ. ಅವಳು ನನ್ನ ಅಂಗಿಯ ಕಿಸೆ ಮುಟ್ಟಿ ನೋಡಿದಳು.

“ಮತ್ತ ಇನ್ನೊಂದ್ ತುಕಡಾ ಕಿಸೆದಾಗ ಯಾಕ ಇಟ್ಕೊಂಡಿ, ಪಪ್ಪಾ?”

ನಾನು ಕಿಟಕಿಯಾಚೆ ಬಂದ ಸಂತಪೂರವನ್ನು ತೋರಿಸಿದೆ. ಅಂಗಿಯ ಕಿಸೆ ಮಾತ್ರ ಅಂಟಂಟಾಗಿ ಎದೆಗೆ ಹತ್ತಿಕೊಳ್ಳುತ್ತಿತ್ತು.